ಜಡವಸ್ತುಗಳ ಸಾಕ್ಷ್ಯ

ಮನುಷ್ಯನು ಸುಳ್ಳಾಡಬಲ್ಲನು, ವಸ್ತುವು ಸುಳ್ಳಾಡಲಾರದು ಎಂಬ ಮಾತು ಮೇಲ್ನೋಟಕ್ಕೆ ನಿರ್ವಿವಾದವಾಗಿ ತೋರುವುದು. ಸಾಕ್ಷಿಯಾಗಿ ಬಂದು ನಿಂತವನು ಭಯದಿಂದಲೋ ಲೋಭದಿಂದಲೋ ದಾಕ್ಷಿಣ್ಯದಿಂದಲೋ ಕಂಡುದನ್ನು ಮರೆಮಾಚಬಹುದು, ಕಾಣದುದನ್ನು ಕಂಡೆನೆಂದು ಹೇಳಬಹುದು. ಪ್ರಾಮಾಣಿಕನಾಗಿದ್ದರೂ ಮರೆವಿಗೂ ಭ್ರಮೆಗೂ ಒಳಗಾಗಬಹುದು. ಆದರೆ ನೆಲದ ಮೇಲೆ ಬಿದ್ದ ನೆತ್ತರಿನ ಹನಿಗೆ ಭಯವೆಲ್ಲಿಯದು? ಬಾಗಿಲಿಗೆ ಅಂಟಿದ ಬೆರಳಿನ ಗುರುತಿಗೆ ಲೋಭವೆಲ್ಲಿಯದು? ಆದುದರಿಂದ ಅಪರಾಧನಿರ್ಣಯದ ಭಾರವನ್ನು ಚಂಚಲಚಿತ್ತನಾದ ಮನುಷ್ಯನ ಮೇಲೆ ಹೊರಿಸುವುದಕ್ಕಿಂತ ನಿರ್ವಿಕಾರವಾದ ವಸ್ತುವಿನ ಮೇಲೆ ಹೊರಿಸುವುದೇ ಲೇಸೆಂಬ ಬಯಕೆಯು ಬಹು ಪುರಾತನವಾದುದಾಗಿದೆ.

ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕನ್ನಡ ನಾಡಿನಲ್ಲಿದ್ದುಕೊಂಡು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿರುವನು. ಆ ಸ್ಮೃತಿಯ ಮತದಂತೆ ವ್ಯವಹಾರದಲ್ಲಿ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಈ ಮೂರೂ ಇಲ್ಲದೆಡೆ ಮಾತ್ರ ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ದಿವ್ಯಗಳಿಗೆ ಅವಕಾಶವುಂಟು. ಅಂದರೆ ಮನುಷ್ಯಸಾಧ್ಯವಾದ ವಿಚಾರಣೆ ಮುಗಿದ ಮೇಲೆಯೇ ಬೆಂಕಿಯನ್ನೂ ನೀರನ್ನೂ ಕೇಳಬೇಕೆಂದು ಆ ಶಾಸ್ತ್ರಕಾರರು ವಿಧಿಸಿದ್ದರು. ಯೂರೋಪಿನಲ್ಲಿಯೂ ಮಧ್ಯಯುಗದಲ್ಲಿ ಇಂಥ ಅಗ್ನಿಪರೀಕ್ಷೆ ಜಲಪರೀಕ್ಷೆಗಳು ನಡೆಯುತ್ತಿದ್ದುವು. ಈಗ ಆ ದಿವ್ಯಗಳು ನ್ಯಾಯಾಲಯಗಳಲ್ಲಿ ಉಳಿದಿಲ್ಲ. ಆದರೆ ಅವುಗಳ ಹಿಂದಿದ್ದ ಬಯಕೆಯು ಅಳಿದಿದೆಯೇ? ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅಮೆರಿಕೆಯಲ್ಲಿ ಹುಟ್ಟಿ ಭೂಮಂಡಲವನ್ನೆಲ್ಲ ಸುತ್ತಿದ ಒಂದು ಟೆಲಿವಿಷನ್ ನಾಟಕವನ್ನೂ ಅದರ ಸುತ್ತ ಎದ್ದ ವಿಮರ್ಶೆಯನ್ನೂ ನೋಡಿದರೆ ಆ ಬಯಕೆಯು ವೇಷವನ್ನು ಮಾತ್ರ ಬದಲಿಸಿತೆಂದು ತೋರುವುದು.

ಆ ನಾಟಕದ ಹೆಸರು ‘ಸಿ.ಎಸ್.ಐ.: ಕ್ರೈಮ್ ಸೀನ್ ಇನ್ವೆಸ್ಟಿಗೇಷನ್’. ಆಂಟನಿ ಜೂಯ್ಕರ್ ಎಂಬವರು ಕಲ್ಪಿಸಿದ ಈ ಕಥಾಮಾಲೆಯು ಸಿ.ಬಿ.ಎಸ್. ಸಂಸ್ಥೆಯ ಮೂಲಕ 2000ನೆಯ ಇಸವಿಯ ಅಕ್ಟೋಬರ್ 6ರಂದು ಮೊದಲಾಗಿ 2015ರ ಸೆಪ್ಟೆಂಬರಿನವರೆಗೆ ನಡೆಯಿತು. ನೆವಾಡ ರಾಜ್ಯದ ಲಾಸ್ ವೇಗಸ್ ಪಟ್ಟಣವೇ ಅದರ ರಂಗಸ್ಥಳ. ಗಿಲ್ ಗ್ರಿಸಮ್ ಎಂಬ ಕೀಟಶಾಸ್ತ್ರಜ್ಞನು ಅದರ ಮೊದಲ ನಾಯಕ. ವಿಲಿಯಮ್ ಪೀಟರ್ಸನ್ನರು ಆ ಪಾತ್ರವನ್ನು ವಹಿಸಿದರು. ಕೊಲೆ ನಡೆದ ಸ್ಥಳದಲ್ಲಿ ದೊರೆತ ಕೂದಲು, ನಾರು, ರಕ್ತ, ಹುಳು, ಗುಂಡು ಇವುಗಳನ್ನು ಪ್ರಯೋಗಶಾಲೆಗೆ ತಂದು ಪರೀಕ್ಷಿಸಿ ಅಪರಾಧಿಯನ್ನು ಹಿಡಿಯುವುದೇ ಪ್ರತಿಯೊಂದು ಸಂಚಿಕೆಯ ಕಥಾವಸ್ತು. 2002–03ರ ಋತುವಿನಲ್ಲಿ ಅಮೆರಿಕೆಯ ಜನರು ಅತ್ಯಧಿಕ ಸಂಖ್ಯೆಯಲ್ಲಿ ನೋಡಿದ ಕಾರ್ಯಕ್ರಮವು ಇದೇ ಆಗಿದ್ದಿತು. ಮಯಾಮಿ, ನ್ಯೂಯಾರ್ಕ್ ನಗರಗಳನ್ನು ಕುರಿತ ಎರಡು ಶಾಖೆಗಳು ಇದರಿಂದ ಹೊರಟುವು. ಅನಂತರ ಗಣಕಯಂತ್ರಗಳ ಅಪರಾಧಗಳನ್ನು ಕುರಿತ ಮತ್ತೊಂದು ಶಾಖೆಯೂ, 2021ರಲ್ಲಿ ಮೂಲಕಥೆಯದೇ ಮುಂದುವರಿಕೆಯೂ ಬಂದುವು.

ಇಂಥ ಕಥೆಯು ಹೊಸತೇನೂ ಅಲ್ಲ. 1887ರಲ್ಲಿ ಕಾನನ್ ಡಾಯ್ಲ್ ಎಂಬ ವೈದ್ಯನು ಷರ್ಲಾಕ್ ಹೋಮ್ಸನನ್ನು ಓದುಗರಿಗೆ ಪರಿಚಯಮಾಡಿಕೊಟ್ಟಾಗ ಆ ಪತ್ತೇದಾರನು ರಸಾಯನಶಾಲೆಯಲ್ಲಿ ರಕ್ತಪರೀಕ್ಷೆ ಮಾಡುತ್ತ ಕುಳಿತಿದ್ದನು. ಆದರೆ ಹೋಮ್ಸನಲ್ಲಿ ಓದುಗನು ಮೆಚ್ಚಿದುದು ಒಬ್ಬ ಮನುಷ್ಯನ ಬುದ್ಧಿಯನ್ನು. ಈ ಹೊಸ ನಾಟಕದಲ್ಲಿ ಆ ಗೌರವವು ಬುದ್ಧಿಯಿಂದ ಉಪಕರಣಕ್ಕೆ ಜಾರಿತು. ಗುಂಡು ದೇಹವನ್ನು ಹೊಕ್ಕು ಮಾಂಸಖಂಡಗಳನ್ನು ಸೀಳಿಕೊಂಡು ಹೋಗುವ ದಾರಿಯನ್ನು ಕ್ಯಾಮೆರವೇ ಹಿಂಬಾಲಿಸುವುದು. ನೀಲಿಯ ಬೆಳಕಿನಲ್ಲಿ ಗಾಜಿನ ಕೋಣೆಗಳು ಹೊಳೆಯುವುವು. ಯಂತ್ರವು ಕ್ಷಣಮಾತ್ರದಲ್ಲಿ ಹೆಸರನ್ನು ಹೇಳುವುದು. ಮನುಷ್ಯರನ್ನು ನಂಬಬೇಡ, ವಸ್ತುಗಳನ್ನು ಹಿಂಬಾಲಿಸು ಎಂಬುದೇ ನಾಯಕನ ಧರ್ಮಸೂತ್ರ.

ವಿಮರ್ಶಕರು ಇದನ್ನು ಹೇಗೆ ಸ್ವೀಕರಿಸಿದರು? ಮೆಚ್ಚಿದವರು ಹೇಳಿದುದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಬಂದೂಕವನ್ನು ಹಿಡಿದ ಶೂರನನ್ನೇ ನಾಯಕನನ್ನಾಗಿ ಮಾಡುತ್ತಿದ್ದ ರಂಗದ ಮೇಲೆ ಸೂಕ್ಷ್ಮದರ್ಶಕವನ್ನು ಹಿಡಿದ ವಿದ್ವಾಂಸನನ್ನು ತಂದು ನಿಲ್ಲಿಸಿದ್ದು ಸಾಮಾನ್ಯವಾದ ಸಾಧನೆಯಲ್ಲ. ಆರೋಪಿಯನ್ನು ಹೊಡೆದು ಬಡಿದು ತಪ್ಪೊಪ್ಪಿಗೆ ಪಡೆಯುವುದಕ್ಕೆ ಬದಲಾಗಿ ತಾಳ್ಮೆಯಿಂದ ಕುರುಹುಗಳನ್ನು ಪರೀಕ್ಷಿಸುವ ಪೋಲೀಸಿನವನನ್ನು ತೋರಿಸಿದ್ದು ನೀತಿದೃಷ್ಟಿಯಿಂದಲೂ ಶ್ಲಾಘ್ಯವೇ. ಈ ನಾಟಕದ ಪ್ರಭಾವದಿಂದ ಅನೇಕ ತರುಣ ತರುಣಿಯರಿಗೆ ನ್ಯಾಯವೈದ್ಯಕದಲ್ಲಿಯೂ ಅಪರಾಧವಿಜ್ಞಾನದಲ್ಲಿಯೂ ಆಸಕ್ತಿ ಹುಟ್ಟಿತೆಂಬುದನ್ನು ವಿಶ್ವವಿದ್ಯಾನಿಲಯಗಳವರು ಒಪ್ಪಿಕೊಂಡಿರುವರು.

ಆಕ್ಷೇಪಿಸಿದವರ ಮಾತುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಅಭಿರುಚಿಗೆ ಸಂಬಂಧಿಸಿದ್ದು. ಹೆಣವನ್ನು ಹೀಗೆ ಹತ್ತಿರದಿಂದ, ಹೀಗೆ ಸುಂದರವಾಗಿ ತೋರಿಸುವುದು ಮನೆಮಂದಿಯೆಲ್ಲ ಕುಳಿತು ನೋಡುವ ಹೊತ್ತಿನಲ್ಲಿ ತರವಲ್ಲವೆಂದು ಅಮೆರಿಕೆಯ ತಂದೆತಾಯಿಗಳ ಸಂಘವೊಂದು ಮತ್ತೆ ಮತ್ತೆ ದೂರಿತು. ಎರಡನೆಯದು ವೃತ್ತಿಬಲ್ಲವರ ಆಕ್ಷೇಪಣೆ. ಕುರುಹುಗಳನ್ನು ಆಯುವವರು, ಅವುಗಳನ್ನು ಪರೀಕ್ಷಿಸುವವರು, ಆರೋಪಿಯನ್ನು ಪ್ರಶ್ನಿಸುವವರು ಸಾಮಾನ್ಯವಾಗಿ ಬೇರೆಬೇರೆ ಜನ. ನಾಟಕದಲ್ಲಿ ಇವರೆಲ್ಲ ಒಬ್ಬರೇ. ನಿಜವಾದ ಪ್ರಯೋಗಶಾಲೆಗಳಲ್ಲಿ ಪರೀಕ್ಷೆಗಾಗಿ ಕಾದಿರುವ ಪೊಟ್ಟಣಗಳ ರಾಶಿ ಬಿದ್ದಿರುವುದು, ಉತ್ತರ ಬರುವುದಕ್ಕೆ ವಾರಗಳೋ ತಿಂಗಳುಗಳೋ ಹಿಡಿಯುವುವು. ನಾಟಕದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಎಲ್ಲವೂ ಸಿದ್ಧ. ಮೂರನೆಯದು ನ್ಯಾಯವಾದಿಗಳ ಆಕ್ಷೇಪಣೆ. ವಿಚಾರಕ್ಕೆ ಯೋಗ್ಯವಾದುದು ವಿಶೇಷವಾಗಿ ಇದೇ.

ಅಮೆರಿಕೆಯಲ್ಲಿ ಗುರುತರವಾದ ಅಪರಾಧಗಳ ವಿಚಾರಣೆಯು ಜ್ಯೂರಿಯ ಮುಂದೆ, ಎಂದರೆ ಸಾಮಾನ್ಯ ಪ್ರಜೆಗಳಿಂದ ಆಯ್ದ ಪಂಚರ ಮುಂದೆ ನಡೆಯುವುದು. ಈ ಪಂಚರು ಸಾಯಂಕಾಲ ಮನೆಯಲ್ಲಿ ಕುಳಿತು ಸಿ.ಎಸ್.ಐ. ನೋಡಿ ಮರುದಿನ ನ್ಯಾಯಾಸ್ಥಾನಕ್ಕೆ ಬರುವರು. ಅಲ್ಲಿ ಕಣ್ಣಾರೆ ಕಂಡವರ ಸಾಕ್ಷ್ಯವಿದ್ದರೂ ಡಿ.ಎನ್.ಎ. ಎಲ್ಲಿ, ಬೆರಳಚ್ಚು ಎಲ್ಲಿ ಎಂದು ಕೇಳಿ ಅಪರಾಧಿಗಳನ್ನು ಬಿಟ್ಟುಬಿಡುವರು ಎಂದು ಸರಕಾರಿ ವಕೀಲರು ದೂರತೊಡಗಿದರು. ಪತ್ರಿಕೆಗಳು ಇದಕ್ಕೆ ‘ಸಿ.ಎಸ್.ಐ. ಪರಿಣಾಮ’ವೆಂದು ಹೆಸರಿಟ್ಟುವು. ಒಂದು ಕಥೆಯು ಕೊಲೆಗಡುಕರನ್ನು ಬಿಡಿಸುತ್ತಿದೆಯೆಂಬ ಆರೋಪವು ಅಲ್ಪವಾದುದಲ್ಲ. ಅದು ನಿಜವೇ?

ಮಿಷಿಗನ್ ರಾಜ್ಯದಲ್ಲಿ ನ್ಯಾಯಾಧೀಶರಾಗಿದ್ದ ಡೊನಾಲ್ಡ್ ಷೆಲ್ಟನ್ನರು 2006ರಲ್ಲಿ ಜ್ಯೂರಿಗೆ ಕರೆಬಂದಿದ್ದ ಸುಮಾರು 1,000 ಮಂದಿಯನ್ನು ವಿಚಾರಣೆಗೆ ಮುನ್ನವೇ ಪ್ರಶ್ನಿಸಿ ನೋಡಿದರು. ಪ್ರತಿಯೊಂದು ಕ್ರಿಮಿನಲ್ ಮೊಕದ್ದಮೆಯಲ್ಲಿಯೂ ಯಾವುದಾದರೊಂದು ವೈಜ್ಞಾನಿಕ ಸಾಕ್ಷ್ಯವಿರಬೇಕೆಂದು ನಿರೀಕ್ಷಿಸಿದವರು ಶೇಕಡ 46 ಮಂದಿ. ಪ್ರತಿಯೊಂದರಲ್ಲಿಯೂ ಡಿ.ಎನ್.ಎ. ಇರಬೇಕೆಂದವರು ಶೇಕಡ 22 ಮಂದಿ. ನಾಟಕವನ್ನು ನೋಡುವವರ ನಿರೀಕ್ಷೆಯು ನೋಡದವರದಕ್ಕಿಂತ ಹೆಚ್ಚಾಗಿದ್ದುದೂ ನಿಜ. ಆದರೆ ಆ ನಿರೀಕ್ಷೆಯು ಅವರ ತೀರ್ಪನ್ನು ಬದಲಿಸುವುದೆಂಬುದಕ್ಕೆ ಗಣನೀಯವಾದ ಆಧಾರವು ಷೆಲ್ಟನ್ನರಿಗೆ ದೊರೆಯಲಿಲ್ಲ. ವಿಜ್ಞಾನದ ಸಾಧನಗಳು ಮನೆಮನೆಗೆ ಬಂದಿರುವ ಕಾಲದಲ್ಲಿ ಜನರ ನಿರೀಕ್ಷೆಯೇ ಬೆಳೆದಿದೆ, ಅದಕ್ಕೆ ಒಂದು ನಾಟಕವನ್ನು ಮಾತ್ರ ದೂರಲಾಗದು ಎಂದು ಅವರು ಅಭಿಪ್ರಾಯಪಟ್ಟರು. ಅದೇ ವರ್ಷ ಟಾಮ್ ಟೈಲರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತೊಂದು ಸಾಧ್ಯತೆಯನ್ನು ತೋರಿಸಿದರು. ಈ ನಾಟಕಗಳಲ್ಲಿ ಅಪರಾಧಿಯು ಕೊನೆಗೆ ಸಿಕ್ಕಿಯೇ ತೀರುವನು. ಅದರಿಂದ ನೋಡುಗನಲ್ಲಿ ನ್ಯಾಯವು ನೆರವೇರಲೇಬೇಕೆಂಬ ಹಂಬಲವೂ, ವಿಜ್ಞಾನಿಯ ಮಾತಿನಲ್ಲಿ ಅತಿಯಾದ ವಿಶ್ವಾಸವೂ ಬಲಿತು, ಅವನು ಆರೋಪಿಯನ್ನು ಬಿಡುವುದಕ್ಕೆ ಬದಲು ಶಿಕ್ಷಿಸುವುದಕ್ಕೇ ಹೆಚ್ಚು ಒಲಿಯಬಹುದು.

ಇದರಿಂದ ತಿಳಿಯುವುದೇನೆಂದರೆ, ಸರಕಾರಿ ವಕೀಲರ ದೂರು ಸಂಪೂರ್ಣವಾಗಿ ಸ್ಥಾಪಿತವಾದುದಲ್ಲ. ಇಷ್ಟೇ ಅಲ್ಲದೆ, ಆ ದೂರಿನಲ್ಲಿ ಒಂದು ವಿಪರ್ಯಾಸವೂ ಉಂಟು. ಒಬ್ಬ ಮನುಷ್ಯನನ್ನು ಸೆರೆಗೆ ಕಳುಹಿಸುವ ಮುನ್ನ ಪಂಚರು ಹೆಚ್ಚಿನ ಪ್ರಮಾಣವನ್ನು ಕೇಳಿದರೆ ಅದು ದೋಷವೇ? ನಿರಪರಾಧಿಯು ಶಿಕ್ಷೆಗೆ ಗುರಿಯಾಗಬಾರದೆಂಬ ನ್ಯಾಯದ ಮೂಲತತ್ತ್ವವನ್ನು ಒಪ್ಪುವವರು ಅದನ್ನು ದೋಷವೆನ್ನಲಾರರು. ದೋಷವಿರುವುದು ಬೇರೆಡೆಯಲ್ಲಿ. ಪ್ರಮಾಣವನ್ನು ಕೇಳುವುದರಲ್ಲಿ ಅಲ್ಲ, ಪ್ರಮಾಣವು ತಾನೇ ಮಾತಾಡುವುದೆಂದು ನಂಬುವುದರಲ್ಲಿ.

ಭಾರತೀಯ ನೈಯಾಯಿಕರು ಈ ಅಂಶವನ್ನು ಬಹು ಹಿಂದೆಯೇ ಬಿಡಿಸಿ ಹೇಳಿರುವರು. ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಬೆಂಕಿಯಿದೆಯೆಂದು ಊಹಿಸುವನು. ಇಲ್ಲಿ ಹೊಗೆಯು ಪ್ರತ್ಯಕ್ಷ, ಬೆಂಕಿಯು ಅನುಮಿತಿ. ನಡುವೆ, ಹೊಗೆಯಿದ್ದೆಡೆಯಲ್ಲೆಲ್ಲ ಬೆಂಕಿಯಿರುವುದೆಂಬ ವ್ಯಾಪ್ತಿಯ ಸೇತುವೆಯಿರಬೇಕು. ಆ ಸೇತುವೆ ಹೊಗೆಯಲ್ಲಿಲ್ಲ, ನೋಡುವವನ ಬುದ್ಧಿಯಲ್ಲಿದೆ. ನೋಡುವವನು ಮಂಜನ್ನೇ ಹೊಗೆಯೆಂದು ಭ್ರಮಿಸಿದರೆ ಅನುಮಾನವು ಕೆಡುವುದು. ಅಂಥ ಕೆಟ್ಟ ಹೇತುವಿಗೆ ಅವರು ಹೇತ್ವಾಭಾಸವೆಂದು ಹೆಸರಿಟ್ಟರು. ಮಂಜು ಸುಳ್ಳಾಡಲಿಲ್ಲವೆಂಬುದು ನಿಜ. ಆದರೆ ಅದು ಸತ್ಯವನ್ನೂ ಆಡಲಿಲ್ಲ, ಆಡಿದವನು ಮನುಷ್ಯ. ಬೆರಳಚ್ಚಿನ ವಿಷಯವೂ ಹೀಗೆಯೇ. ಗೆರೆಗಳು ಗಾಜಿನ ಮೇಲೆ ಇರುವುವು. ಈ ಗೆರೆಗಳೂ ಆ ಗೆರೆಗಳೂ ಒಬ್ಬನವೇ ಎಂದು ಹೇಳುವವನು ಒಬ್ಬ ನೌಕರ. ಅವನಿಗೂ ಆಯಾಸವುಂಟು, ಆತುರವುಂಟು, ಮೇಲಧಿಕಾರಿಯುಂಟು.

ಬೆರಳಚ್ಚುಗಳನ್ನು ವರ್ಗೀಕರಿಸುವ ವಿದ್ಯೆಯು ಪ್ರಬುದ್ಧವಾದುದು ಭಾರತದಲ್ಲಿಯೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. 1897ರಲ್ಲಿ ಕಲಕತ್ತೆಯಲ್ಲಿ ಇದಕ್ಕಾಗಿ ಕಚೇರಿಯು ಸ್ಥಾಪಿತವಾಯಿತು. ಎಡ್ವರ್ಡ್ ಹೆನ್ರಿಯವರ ಹೆಸರಿನಿಂದ ಪ್ರಸಿದ್ಧವಾದ ಆ ಪದ್ಧತಿಯ ಹಿಂದೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಬಂಗಾಳಿ ನೌಕರರ ಶ್ರಮವಿದ್ದಿತು. ಅಂದಿನಿಂದ ಒಂದು ಶತಮಾನದವರೆಗೆ ಬೆರಳಚ್ಚಿಗಿಂತ ನಿಶ್ಚಿತವಾದ ಸಾಕ್ಷ್ಯವಿಲ್ಲವೆಂದು ಲೋಕವು ನಂಬಿತು. 2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬುಗಳು ಸಿಡಿದುವು. ಒಂದು ಚೀಲದ ಮೇಲೆ ದೊರೆತ ಬೆರಳಚ್ಚನ್ನು ಅಮೆರಿಕೆಯ ಎಫ್.ಬಿ.ಐ. ತಜ್ಞರು ಪರೀಕ್ಷಿಸಿ ಅದು ಒರೆಗಾನ್ ರಾಜ್ಯದ ಒಬ್ಬ ವಕೀಲನದೆಂದು ನಿರ್ಧರಿಸಿದರು. ಒಬ್ಬರಲ್ಲ, ಹಲವರು ಒಂದೇ ಮಾತನ್ನು ಹೇಳಿದರು. ಆ ವಕೀಲನು ಸುಮಾರು ಎರಡು ವಾರ ಸೆರೆಯಲ್ಲಿದ್ದನು. ಅನಂತರ ಅದು ಬೇರೊಬ್ಬನದೆಂದು ಸ್ಪೇನಿನ ಪೋಲೀಸರು ತೋರಿಸಿಕೊಟ್ಟುದರಿಂದ ಅವನು ಬಿಡುಗಡೆಯಾದನು, ಎಫ್.ಬಿ.ಐ. ಕ್ಷಮೆ ಕೇಳಿತು. ಸ್ಪೇನಿನವರು ಅಷ್ಟು ಎಚ್ಚರದಿಂದ ಇರದಿದ್ದರೆ ಆ ಗೃಹಸ್ಥನ ಗತಿ ಏನಾಗುತ್ತಿತ್ತು?

ಇದು ಒಂದು ಆಕಸ್ಮಿಕವೆಂದು ತಳ್ಳಿಹಾಕುವಂತೆಯೂ ಇಲ್ಲ. 2009ರಲ್ಲಿ ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಅಪರಾಧವಿಜ್ಞಾನದ ಎಲ್ಲ ಅಂಗಗಳನ್ನೂ ವಿಮರ್ಶಿಸಿ ಒಂದು ವರದಿಯನ್ನು ಪ್ರಕಟಿಸಿತು. ಜೀವಕೋಶದ ಡಿ.ಎನ್.ಎ. ಪರೀಕ್ಷೆಯೊಂದನ್ನು ಬಿಟ್ಟರೆ, ಒಂದು ಕುರುಹು ಇಂಥ ವ್ಯಕ್ತಿಯದೇ ಎಂದು ದೃಢವಾಗಿ ಹೇಳಬಲ್ಲ ಸಾಮರ್ಥ್ಯವು ಮತ್ತಾವ ವಿಧಾನಕ್ಕೂ ಕಟ್ಟುನಿಟ್ಟಾದ ಪರೀಕ್ಷೆಯಿಂದ ಸಿದ್ಧವಾಗಿಲ್ಲವೆಂದು ಅದು ಸಾರಿತು. 2015ರಲ್ಲಿ ಎಫ್.ಬಿ.ಐ. ತನ್ನ ಹಳೆಯ ದಾಖಲೆಗಳನ್ನೇ ತೆಗೆದು ನೋಡಿದಾಗ, ಕೂದಲನ್ನು ಸೂಕ್ಷ್ಮದರ್ಶಕದಿಂದ ಹೋಲಿಸಿ ತನ್ನ ತಜ್ಞರು ನುಡಿದಿದ್ದ ಸಾಕ್ಷ್ಯಗಳ ಪೈಕಿ ಪರಿಶೀಲಿಸಿದವುಗಳಲ್ಲಿ ಶೇಕಡ 90ಕ್ಕೆ ಕಡಮೆಯಿಲ್ಲದಷ್ಟರಲ್ಲಿ ತಪ್ಪು ಹೇಳಿಕೆಗಳಿದ್ದುದು ಕಂಡುಬಂದಿತು. ಆ ತಜ್ಞರು ದುಷ್ಟರಾಗಿದ್ದರೆಂದು ಹೇಳಬೇಕಾಗಿಲ್ಲ. ಹೋಲುವುದು ಎಂಬ ಮಾತಿನಿಂದ ಅದೇ ಎಂಬ ಮಾತಿಗೆ ಅವರು ತಿಳಿಯದೆ ದಾಟಿದರು. ನಾಟಕದಲ್ಲಿ ಯಂತ್ರವು ಪ್ರತಿ ವಾರವೂ ದಾಟುತ್ತಿದ್ದುದು ಇದೇ ಅಂತರವನ್ನೇ.

ಹಾಗಾದರೆ ವಿಜ್ಞಾನವನ್ನು ನಂಬಲೇಬಾರದೇ? ಹಾಗೆಂದುಕೊಂಡವರು ಇಂಗ್ಲೆಂಡಿನ ಲೆಸ್ಟರ್ ಪ್ರಾಂತದಲ್ಲಿ ನಡೆದ ಪ್ರಸಂಗವನ್ನು ಗಮನಿಸಬೇಕು. ಅಲ್ಲಿ 1983ರಲ್ಲಿಯೂ 1986ರಲ್ಲಿಯೂ ಇಬ್ಬರು ಬಾಲಿಕೆಯರ ಕೊಲೆಯಾಯಿತು. ಹದಿನೇಳು ವರ್ಷದ ಒಬ್ಬ ಹುಡುಗನು ಎರಡನೆಯ ಕೊಲೆಯನ್ನು ತಾನು ಮಾಡಿದೆನೆಂದು ಪೋಲೀಸರ ಮುಂದೆ ಒಪ್ಪಿಕೊಂಡನು. ಆ ಪಟ್ಟಣದ ವಿಶ್ವವಿದ್ಯಾನಿಲಯದಲ್ಲಿದ್ದ ಅಲೆಕ್ ಜೆಫ್ರಿಸ್ ಎಂಬ ವಿಜ್ಞಾನಿಯು 1984ರಲ್ಲಿ ಡಿ.ಎನ್.ಎ. ಗುರುತಿನ ವಿಧಾನವನ್ನು ಕಂಡುಹಿಡಿದಿದ್ದನು. ಆತನ ಪರೀಕ್ಷೆಯಿಂದ ಎರಡು ಕೊಲೆಗಳೂ ಒಬ್ಬನವೇ, ಆದರೆ ಆ ಒಬ್ಬನು ಈ ಹುಡುಗನಲ್ಲ ಎಂದು ಸಿದ್ಧವಾಯಿತು. ಹೀಗೆ ಆ ಹೊಸ ವಿದ್ಯೆಯು ಕೊಲೆಯ ತನಿಖೆಗೆ ಕಾಲಿಟ್ಟೊಡನೆ ಮಾಡಿದ ಮೊದಲ ಕೆಲಸವು ಅಪರಾಧಿಯನ್ನು ಹಿಡಿದುದಲ್ಲ, ತನ್ನ ಬಾಯಿಂದಲೇ ತನ್ನನ್ನು ಕೊಲೆಗಾರನೆಂದುಕೊಂಡಿದ್ದ ನಿರಪರಾಧಿಯನ್ನು ಉಳಿಸಿದುದು. ಮನುಷ್ಯನ ಮಾತು ತಪ್ಪಿದಲ್ಲಿ ವಸ್ತುವು ಸತ್ಯವನ್ನು ತೋರಿಸಿತು.

ಆದರೆ ಆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ನಿಜವಾದ ಅಪರಾಧಿಯನ್ನು ಹುಡುಕುವುದಕ್ಕಾಗಿ ಸುತ್ತಲಿನ ಹಳ್ಳಿಗಳ ಸುಮಾರು 5,000 ಗಂಡಸರ ರಕ್ತವನ್ನು ಪಡೆದರೂ ಯಾರ ಗುರುತೂ ಹೊಂದಲಿಲ್ಲ. ಅಪರಾಧಿಯು ತನ್ನ ಹೆಸರಿನಲ್ಲಿ ಬೇರೊಬ್ಬನು ರಕ್ತವನ್ನು ಕೊಡುವಂತೆ ಮಾಡಿ ಪಾರಾಗಿದ್ದನು. ಹಾಗೆ ಕೊಟ್ಟವನು ಒಂದು ದಿನ ಮದ್ಯದಂಗಡಿಯಲ್ಲಿ ಜೊತೆಗಾರರ ಮುಂದೆ ಆ ವಿಷಯವನ್ನು ಆಡಿಬಿಟ್ಟನು. ಕೇಳಿದವರಲ್ಲಿ ಒಬ್ಬಳು ಅದನ್ನು ಮನಸ್ಸಿನಲ್ಲಿಯೇ ಇಟ್ಟುಕೊಳ್ಳಲಾರದೆ ಪೋಲೀಸರಿಗೆ ತಿಳಿಸಿದಳು. ಅಪರಾಧಿಯು ಹೀಗೆ ಸಿಕ್ಕಿ 1988ರಲ್ಲಿ ಶಿಕ್ಷೆಗೆ ಗುರಿಯಾದನು. 5,000 ಮಂದಿಯ ರಕ್ತವು ಹೇಳಲಾರದುದನ್ನು ಒಬ್ಬಳ ಅಂತಃಕರಣವು ಹೇಳಿತು. ಪ್ರಯೋಗಶಾಲೆಯಿಲ್ಲದಿದ್ದರೆ ಹುಡುಗನು ಉಳಿಯುತ್ತಿರಲಿಲ್ಲ, ಆ ಹೆಂಗಸಿಲ್ಲದಿದ್ದರೆ ಕೊಲೆಗಾರನು ಅಂದು ಸಿಗುತ್ತಿರಲಿಲ್ಲ. ವಸ್ತುಸಾಕ್ಷ್ಯಕ್ಕೂ ಮನುಷ್ಯಸಾಕ್ಷ್ಯಕ್ಕೂ ಇರುವ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ನಿದರ್ಶನವು ದೊರೆಯುವುದು ಕಷ್ಟ.

ಇನ್ನು ನಾಟಕಕರ್ತನ ಹೊಣೆಯ ಪ್ರಶ್ನೆ. ಕಾವ್ಯವು ಶಾಸ್ತ್ರವಲ್ಲ, ಕವಿಯು ಕಾಲವನ್ನು ಹಿಗ್ಗಿಸಲೂ ಕುಗ್ಗಿಸಲೂ ಸ್ವತಂತ್ರನು, ಮೂರು ತಿಂಗಳ ಪರೀಕ್ಷೆಯನ್ನು ಮೂರು ನಿಮಿಷಕ್ಕೆ ಇಳಿಸಿದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ ಆಗಿದೆ. ವೃತ್ತಿಬಲ್ಲವರು ಎತ್ತಿದ ಆಕ್ಷೇಪಣೆಗಳಲ್ಲಿ ಬಹುಭಾಗವು ಇಂಥವು. ಅವುಗಳಿಂದ ನಾಟಕಕ್ಕೆ ಕುಂದಿಲ್ಲ. ಪುಷ್ಪಕವಿಮಾನವನ್ನು ಕಂಡು ಯಾವ ಓದುಗನೂ ಮೋಸಹೋಗಿಲ್ಲ. ಆದರೆ ಪುಷ್ಪಕವು ತಾನು ಯಂತ್ರಶಾಸ್ತ್ರವೆಂದು ಹೇಳಿಕೊಳ್ಳಲಿಲ್ಲ. ಈ ನಾಟಕವಾದರೋ ವಿಜ್ಞಾನದ ಹೆಸರಿನಿಂದಲೇ ತನ್ನ ಗೌರವವನ್ನು ಪಡೆಯಿತು, ಅದರ ಆಕರ್ಷಣೆಗೆ ಮುಖ್ಯ ಕಾರಣವೇ ಇದು ನಿಜವೆಂಬ ಭಾವನೆ. ವಿಜ್ಞಾನದಿಂದ ಗೌರವವನ್ನು ಸಾಲವಾಗಿ ತಂದವನು ವಿಜ್ಞಾನದ ಪ್ರಾಣವನ್ನಾದರೂ ಉಳಿಸಿಕೊಳ್ಳಬೇಕು. ಅದರ ಪ್ರಾಣವು ಉಪಕರಣಗಳಲ್ಲಿಲ್ಲ, ಸಂದೇಹದಲ್ಲಿದೆ. ತಾನು ತಪ್ಪಿರಬಹುದೆಂದು ಮತ್ತೊಮ್ಮೆ ಪರೀಕ್ಷಿಸುವವನು ವಿಜ್ಞಾನಿ. ಉಪಕರಣಗಳನ್ನು ಇಟ್ಟುಕೊಂಡು ಸಂದೇಹವನ್ನು ತೆಗೆದುಹಾಕಿದರೆ ಉಳಿಯುವುದು ಕಾಯ್ದ ಕಬ್ಬಿಣವೂ ತಕ್ಕಡಿಯೂ ಮಾತ್ರ, ಎಂದರೆ ಹಳೆಯ ದಿವ್ಯವೇ. ಈ ನಾಟಕದ ಮೇಲೆ ಹೊರಿಸಬಹುದಾದ ನಿಜವಾದ ದೋಷವು ಇದು. ಗ್ರಿಸಮನು ವಿನಯವುಳ್ಳ ಪಾತ್ರ, ಕೆಲವು ಸಂಚಿಕೆಗಳಲ್ಲಿ ಅವನು ತನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳುವುದೂ ಉಂಟು. ಆದರೆ ಗಡಿಯಾರವು ಗಂಟೆ ಬಾರಿಸುವುದರೊಳಗಾಗಿ ವಸ್ತುವು ತಪ್ಪದೆ ನಿಜವನ್ನು ನುಡಿದುಬಿಡುವುದು.

ಭಾರತದಲ್ಲಿ ಜ್ಯೂರಿಯ ಪದ್ಧತಿಯು ಈಗಿಲ್ಲ. ತೀರ್ಪನ್ನು ಹೇಳುವವರು ವಿದ್ಯಾವಂತರಾದ ನ್ಯಾಯಾಧೀಶರು. ಆದುದರಿಂದ ಈ ಚರ್ಚೆಯು ಇಲ್ಲಿ ಅಪ್ರಕೃತವೆನ್ನಬಹುದೇ? ಹಾಗೆನ್ನಲಾಗದು. ಕನ್ನಡ ನಾಡಿನಿಂದಲೇ ಹೊರಟ ಒಂದು ವ್ಯಾಜ್ಯದಲ್ಲಿ, ಎಂದರೆ ಸೆಲ್ವಿ ಎಂಬವರಿಗೂ ಕರ್ನಾಟಕ ಸರಕಾರಕ್ಕೂ ನಡೆದ ವ್ಯಾಜ್ಯದಲ್ಲಿ, ಆರೋಪಿಗೆ ಮತ್ತಿನ ಔಷಧವನ್ನು ಚುಚ್ಚಿ ಮಾತಾಡಿಸುವುದು, ಸುಳ್ಳನ್ನು ಕಂಡುಹಿಡಿಯುವುದೆನ್ನಲಾದ ಯಂತ್ರಕ್ಕೆ ಅವನನ್ನು ಕಟ್ಟುವುದು, ಮೆದುಳಿನ ಅಲೆಗಳನ್ನು ಅಳೆಯುವುದು ಇವುಗಳ ವಿಚಾರವು ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಸಮ್ಮತಿಯಿಲ್ಲದೆ ಇವುಗಳನ್ನು ಯಾರ ಮೇಲೆಯೂ ಪ್ರಯೋಗಿಸಕೂಡದೆಂದು 2010ರಲ್ಲಿ ಆ ನ್ಯಾಯಾಲಯವು ತೀರ್ಪಿತ್ತಿತು. ದೇಹವನ್ನು ವಸ್ತುವೆಂದು ಎಣಿಸಿ ಅದರಿಂದ ಸತ್ಯವನ್ನು ಹಿಂಡಬಹುದೆಂಬ ಆಸೆಯು ಇಲ್ಲಿಯೂ ಇದ್ದಿತೆಂಬುದಕ್ಕೆ ಇದೇ ಸಾಕ್ಷಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯೆಯ ಶಾಸನವು, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಗೆ ತಕ್ಕ ಅಪರಾಧಗಳಲ್ಲಿ ವಿಜ್ಞಾನತಜ್ಞನು ಸ್ಥಳಕ್ಕೆ ಹೋಗಿ ಕುರುಹುಗಳನ್ನು ಸಂಗ್ರಹಿಸಬೇಕೆಂದು ವಿಧಿಸಿ, ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಧಿಯನ್ನು ಕೊಟ್ಟಿದೆ. ಇದು ಒಳ್ಳೆಯದೇ. ಆದರೆ ಆ ತಜ್ಞನು ಏನು ಹೇಳಬಲ್ಲನು, ಏನು ಹೇಳಲಾರನು ಎಂಬ ವಿವೇಕವು ವಕೀಲರಲ್ಲಿಯೂ ಪತ್ರಿಕೆಗಳಲ್ಲಿಯೂ ಮನೆಮನೆಯ ಜಗಲಿಯಲ್ಲಿ ಕುಳಿತು ತೀರ್ಪು ಹೇಳುವ ಜನರಲ್ಲಿಯೂ ಬೆಳೆಯದಿದ್ದರೆ ಶಾಸನದಿಂದ ಅರ್ಧ ಫಲವೇ ದೊರೆತೀತು. ನ್ಯಾಯಾಸ್ಥಾನದ ಜ್ಯೂರಿ ಹೋದರೂ ಲೋಕದ ಜ್ಯೂರಿ ಹೋಗಿಲ್ಲವಷ್ಟೆ.

ಒಬ್ಬನನ್ನು ಅಪರಾಧಿಯೆಂದು ಹೇಳುವುದು ಭಾರವಾದ ಕೆಲಸ. ಆ ಭಾರವನ್ನು ಹೊರಲಾರದೆ ಹಿಂದಿನವರು ಬೆಂಕಿಯ ಮೇಲೆ ಹಾಕಿದರು, ಇಂದಿನವರು ಯಂತ್ರದ ಮೇಲೆ ಹಾಕಲು ಬಯಸುವರು. ಯಂತ್ರವು ಬೆಂಕಿಗಿಂತ ಎಷ್ಟೋ ಮೇಲಾದ ಸಹಾಯಕ. ಅದನ್ನು ಬಳಸದಿರುವುದು ಅವಿವೇಕ. ಆದರೆ ಲೆಸ್ಟರಿನ ಹುಡುಗನನ್ನು ಬಿಡಿಸಿದ ವಿದ್ಯೆಯ ಹಿಂದೆಯೂ ಒರೆಗಾನಿನ ವಕೀಲನನ್ನು ಸೆರೆಗೆ ನೂಕಿದ ವಿದ್ಯೆಯ ಹಿಂದೆಯೂ ಇದ್ದವರು ಮನುಷ್ಯರೇ. ವಸ್ತುವು ಸುಳ್ಳಾಡಲಾರದೆಂಬುದು ದಿಟ. ಅದರ ಪರವಾಗಿ ಮಾತಾಡುವವನು ತಪ್ಪಬಹುದು, ಮತ್ತು ತಪ್ಪಿದರೆ ಅದರ ಹೊಣೆ ಅವನದು, ಅದನ್ನು ಕೇಳಿ ತೀರ್ಪು ಹೇಳಿದವರದು. ಆ ಹೊಣೆಯನ್ನು ನೆನಪಿಟ್ಟುಕೊಂಡು ನೋಡುವವನಿಗೆ ಇಂಥ ನಾಟಕಗಳಿಂದ ಕೇಡೇನೂ ಆಗದು. ಒಂದು ಗಂಟೆಯ ವಿನೋದವೂ, ಕುರುಹುಗಳನ್ನು ಗಮನಿಸುವ ಅಭ್ಯಾಸವೂ ದೊರೆತಾವು.